ಮುತ್ಯಾನ ಬಂದೂಕಿಗೆ ಕ್ರೋಮ್ ಯಾಕ್ರೀ?

ಖಂಡೇನವಮಿ ಹತ್ತಿರ ಬಂತೆಂದರೆ ಉಳಿದವರಿಗೆ ಹೋಳಿಗೆ ನೆನಪಾಗುತ್ತದೆ, ನನಗೆ ಪಾಲಿಶ್ ಪೇಪರ್ ನೆನಪಾಗಿ ಹೊಟ್ಟೆಯೊಳಗೆ ಸಂಕಟ ಶುರುವಾಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕೆಲವು ಹಳೇ ಮನೆಗಳಲ್ಲಿ ವರ್ಷವಿಡೀ ಟ್ರೆಝರಿಯೊಳಗೆ ಮಲಗಿದ್ದ ಬಂದೂಕು, ಕತ್ತಿ, ಭರ್ಚಿ ಎಲ್ಲ ಅವತ್ತು ಹೊರಗೆ ಬರುತ್ತವೆ. ಬಂದವು ಪೂಜೆ ಮಾಡಿಸಿಕೊಂಡು ಸುಮ್ಮನೆ ಒಳಗೆ ಹೋದರೆ ನನ್ನದೇನೂ ತಕರಾರಿಲ್ಲ. ಆದರೆ ಈಗ ಹಾಗಾಗುತ್ತಿಲ್ಲ. "ಎಷ್ಟು ಕರ್ರಗ ಆಗೇತಿ ನೋಡ್ರಿ, ಈ ಸಲ ಹೊಳಿಯೂಹಂಗ ಮಾಡಸೂಣು" ಅಂತ ಯಾರಾದರೂ ಒಬ್ಬರು ಶುರು ಮಾಡುತ್ತಾರೆ. ಅಲ್ಲಿಗೆ ನೂರು ವರ್ಷದ ಬಂದೂಕಿನ ಕತೆ ಮುಗಿಯಿತು.

ಇದಕ್ಕೆ ತಕ್ಕ ಹಾಗೆ ಆ ರಿಸ್ಟೋರೇಶನ್ ವಿಡಿಯೋಗಳು ಬೇರೆ! ನೀವೂ ನೋಡಿರುತ್ತೀರಿ, ಇಲ್ಲ ಅನ್ನಬೇಡಿ :) ಜಂಗು ಹಿಡಿದ ಒಂದು ತುಂಡು ಬರುತ್ತದೆ, ಮರಳು ಊದಿ ಅದರ ಮೈ ಕೆರೆಯುತ್ತಾರೆ, ಚಕ್ರಕ್ಕೆ ಹಿಡಿದು ಕನ್ನಡಿ ಮಾಡುತ್ತಾರೆ, ಕೊನೆಗೆ ಬಿಫೋರ್-ಆಫ್ಟರ್ ಫೋಟೋ. ಕೋಟಿಗಟ್ಟಲೆ ಜನ ಆಹಾ ಅನ್ನುತ್ತಾರೆ. ನನ್ನ ಪ್ರಕಾರ ಇದು ಜೀರ್ಣೋದ್ಧಾರ ಅಲ್ಲ, ಹಳೆಯ ವಸ್ತುವನ್ನು ಕೊಂದು ಅದರ ಅಳತೆಯದೇ ಇನ್ನೊಂದು ಹೊಸ ವಸ್ತು ಮಾಡುವುದು. ಹಳೇ ಬಂದೂಕಿನ ವಿಷಯದಲ್ಲಂತೂ ಇದು ದಡ್ಡತನ, ಅಪಾಯ ಮತ್ತು ಕಾನೂನಿಗೆ ವಿರುದ್ಧ, ಮೂರೂ ಹೌದು. ಈ ಮಾತು ಕೆಲವರಿಗೆ ಬೇಜಾರು ತರಬಹುದು. ತರಲಿ ಬಿಡಿ.

ನನ್ನ ಅರ್ಹತೆ ಏನು ಅಂತ ಕೇಳುವವರಿಗೆ: ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಕುಟ್ಟುವುದು ಜಾವಾ. ನನ್ನ ವಯಸ್ಸಿನ ಅರ್ಧ ಇಂಜಿನಿಯರುಗಳ ಹಣೆಬರಹ ಇದೇ. ಲೋಹಶಾಸ್ತ್ರದ ಪೇಪರಿನಲ್ಲಿ ಬಾಯಿಪಾಠ ಮಾಡಿದ್ದು ಬೆಂಗಳೂರಿನ ಆಫೀಸಿನಲ್ಲಿ ಒಂದು ದಿನಕ್ಕೂ ಉಪಯೋಗಕ್ಕೆ ಬಂದಿಲ್ಲ, ಇಲ್ಲಾದರೂ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂಚೂರು ಇತಿಹಾಸ. ನಮ್ಮ ಕಡೆ ಮನೆಯಲ್ಲೊಂದು ಬಂದೂಕು ಉಳಿದಿದೆ ಅಂದರೆ ಅದು ಸಣ್ಣ ಸಂಗತಿಯಲ್ಲ. ೧೮೨೪ರಲ್ಲಿ ಕಿತ್ತೂರಿನ ಮುಂದೆ ಥ್ಯಾಕರೆ ಬಿದ್ದ. ೧೮೩೧ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ೧೮೫೭ರಲ್ಲಿ ಆಯುಧ ಒಪ್ಪಿಸಬೇಕು, ಇಟ್ಟುಕೊಳ್ಳಲು ಪರವಾನಗಿ ಬೇಕು ಅಂತ ಬ್ರಿಟಿಷರು ಕಾಯ್ದೆ ತಂದಾಗ ನಮ್ಮ ಪಕ್ಕದ ಮುಧೋಳ ಸೀಮೆಯ ಹಲಗಲಿ ಬೇಡರು "ಕೊಡೂದಿಲ್ಲ" ಅಂದರು. ಆ ಒಂದು ಮಾತಿಗೆ ಊರಿಗೆ ಊರೇ ಸುಟ್ಟುಹೋಯಿತು. ಲಾವಣಿಯಲ್ಲಿ ಕೇಳಿ ನಮಗೆಲ್ಲ ಗೊತ್ತಿರುವ ಕತೆಯೇ. ಆಮೇಲೆ ೧೮೭೮ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಬೆಳಗಾವಿ ಜಿಲ್ಲೆ ೧೯೫೬ರವರೆಗೆ ಮುಂಬಯಿಯ ಕೆಳಗಿತ್ತು. ಆ ಆಡಳಿತದ ಅಡಿಯಲ್ಲಿ ಯಾರಿಗೆ ಬಂದೂಕು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವುದೇ ಒಂದು ಚರಿತ್ರೆ. ದೇಸಾಯರ ಮನೆ, ಇನಾಮದಾರರ ಮನೆ, ಪಾಟೀಲರ ಮನೆ, ಹಂದಿ ಕಾಟಕ್ಕೆ ಅರ್ಜಿ ಹಾಕಿ ಲೈಸೆನ್ಸ್ ಪಡೆದ ರೈತನ ಮನೆ... ಒಂದೊಂದು ಬಂದೂಕಿನ ಹಿಂದೆ ಒಂದೊಂದು ಕಾಗದ, ಕಾಗದದ ಹಿಂದೆ ಒಬ್ಬ ಮನುಷ್ಯ.

ಹಾಗಾಗಿ ಈ ಬಂದೂಕು ನನ್ನ ಕಣ್ಣಿಗೆ ಆಯುಧ ಅಲ್ಲ, ದಾಖಲೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಅದರ ಮೈಮೇಲಿನ ಕಪ್ಪು-ಕಂದು ಬಣ್ಣ, ಸವಕಲು, ಗೀರು, ಒತ್ತಿದ ಗುರುತುಗಳೇ ಅದರ ಲಾಗ್ ಫೈಲು. ಸ್ಕ್ರೀನ್ ಚಂದ ಕಾಣಲಿ ಅಂತ ಯಾರಾದರೂ ಪ್ರೊಡಕ್ಷನ್ ಸರ್ವರಿನ ಲಾಗ್ ಅಳಿಸಿದರೆ ಅವನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತೀರಾ? ಹುಕ್ಕೇರಿಯ ಗುಮ್ಮಟಗಳು ಕಪ್ಪಾಗಿವೆ ಅಂತ ವಿಟ್ರಿಫೈಡ್ ಟೈಲ್ಸ್ ಹಾಕಿಸುತ್ತೀವಾ?

ಇಷ್ಟು ಹೇಳಿದರೆ "ಭಾವನೆ ಬಿಡು, ಲೆಕ್ಕ ಹೇಳು" ಅನ್ನುವ ಮಂದಿ ಇದ್ದಾರೆ. ಸರಿ, ಲೆಕ್ಕವನ್ನೇ ಹೇಳುತ್ತೇನೆ.

ಒಂದನೇ ಲೆಕ್ಕ ಕಾನೂನಿನದು. ನಮ್ಮ ಸಂಬಂಧಿಕರ ಪೈಕಿ ಒಬ್ಬರು ಕಾಕಾ ಇದ್ದಾರೆ, ಹುಕ್ಕೇರಿ ಕಡೆಯ ಹಳ್ಳಿ. ಅವರ ಮನೆಯ ಜೋಡು ನಳಿಗೆ ಬಂದೂಕನ್ನು ಯಾವುದೋ ಪಟ್ಟಣದಲ್ಲಿ ಗಾಡಿ ಬಂಪರಿಗೆ ಕ್ರೋಮ್ ಮಾಡುವವನ ಹತ್ತಿರ ಕೊಟ್ಟು ಮಾಡಿಸಿ ತಂದರು. ವಾಟ್ಸಾಪಿನಲ್ಲಿ ಫೋಟೋ ಬಂತು, ಹಿಂದೆಯೇ ಫೋನು.

"ಹೆಂಗೈತಿ ತಮ್ಮಾ? ಮಾರಿ ನೋಡ್ಕೋಬೇಕು, ಹಂಗ ಆಗೇತಿ!"

"ಭಾಳ ಹೊಳಿಯಾಕತ್ತೇತ್ರಿ ಕಾಕಾ. ನಳಗಿ ಮ್ಯಾಲಿನ ನಂಬರ ಎಲ್ಲೈತ್ರಿ?"

"ನಂಬರಾ? ಲೈಸೆನ್ಸ್ ಬುಕ್ಕಿನಾಗ ಐತೆಲ್ಲಪಾ."

"ಬುಕ್ಕಿನಾಗ ಇದ್ದರ ಆಗೂದಿಲ್ರಿ, ಬಂದೂಕಿನ ಮ್ಯಾಲೂ ಇರಬೇಕಲ್ರಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ತಿಕ್ಕುವಾಗ ಸವದಿರಬೇಕು ತೊಗೊ..."

ಇದು ನಗುವ ವಿಷಯ ಅಲ್ಲ. ೧೯೫೯ರ ಶಸ್ತ್ರಾಸ್ತ್ರ ಕಾಯ್ದೆಯ ೮ನೇ ಕಲಮು ಬಂದೂಕಿನ ಮೇಲೆ ಒತ್ತಿದ ಹೆಸರು, ನಂಬರು, ಗುರುತುಗಳನ್ನು ಅಳಿಸುವಂತಿಲ್ಲ, ತೆಗೆಯುವಂತಿಲ್ಲ, ಬದಲಿಸುವಂತಿಲ್ಲ ಅನ್ನುತ್ತದೆ. ಗುರುತು ಅಳಿಸಿದ ಬಂದೂಕು ನಿಮ್ಮ ಹತ್ತಿರ ಸಿಕ್ಕರೆ ಅಳಿಸಿದವರು ನೀವೇ ಅಂತ ಕಾನೂನು ಮೊದಲು ಊಹಿಸುತ್ತದೆ, ಅಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಬಫಿಂಗ್ ಚಕ್ರಕ್ಕೆ ಕಾನೂನು ಗೊತ್ತಿಲ್ಲ, ಅದು ಜಂಗನ್ನೂ ತಿನ್ನುತ್ತದೆ, ನಂಬರನ್ನೂ ತಿನ್ನುತ್ತದೆ. ಇಷ್ಟೇ ಅಲ್ಲ, ೫ನೇ ಕಲಮಿನ ಪ್ರಕಾರ ಬಂದೂಕು ರಿಪೇರಿಗೇ ಪ್ರತ್ಯೇಕ ಲೈಸೆನ್ಸ್ ಬೇಕು. ಬಂಪರ್ ಅಂಗಡಿಯವನಿಗೆ ಅದು ಎಲ್ಲಿಂದ ಬರಬೇಕು? ಅವನ ಅಂಗಡಿಯಲ್ಲಿ ನಿಮ್ಮ ಬಂದೂಕು ಒಂದು ವಾರ ಬಿದ್ದಿದ್ದರೆ, ಆ ಒಂದು ವಾರ ನೀವಿಬ್ಬರೂ ಆತಂಕದಲ್ಲಿ ಇರಬೇಕಾದವರು. ೨೦೧೯ರ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ೩ ವರ್ಷದಿಂದ ೫ ವರ್ಷಕ್ಕೆ ಏರಿತು, ಖುಷಿ. ಆದರೆ ನವೀಕರಣಕ್ಕೋ, ಇಲೆಕ್ಷನ್ ಕಾಲದಲ್ಲಿ ಠಾಣೆಗೆ ಒಪ್ಪಿಸುವುದಕ್ಕೋ ಹೋದಾಗ ಪುಸ್ತಕದ ನಂಬರಿಗೆ ಬಂದೂಕಿನ ಮೇಲಿನ ನಂಬರು ತಾಳೆ ಆಗದಿದ್ದರೆ ಏನು ಹೇಳುತ್ತೀರಿ? "ಹೊಳೀಲಿ ಅಂತ ಮಾಡಿಸಿದ್ವಿ ಸಾಹೇಬ್ರ" ಅಂತಲಾ?

ಎರಡನೇ ಲೆಕ್ಕ ಜೀವದ್ದು. ಜಂಗು ತಿಂದ ಉಕ್ಕಿನಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಮೈ ಕನ್ನಡಿ ಆಗಬೇಕಾದರೆ ಗುಳಿಯ ತಳದ ಮಟ್ಟಕ್ಕೆ ಸುತ್ತಲಿನ ಉಕ್ಕನ್ನೆಲ್ಲ ಇಳಿಸಬೇಕು, ಬೇರೆ ದಾರಿ ಇಲ್ಲ. ಅಂದರೆ ನಳಿಗೆಯ ಗೋಡೆ ತೆಳುವಾಯಿತು. ಬೇಟೆ ಬಂದೂಕಿನ ನಳಿಗೆ ಬಾಯಿಯ ಕಡೆಗೆ ಹೋದಂತೆ ಮೊದಲೇ ತೆಳ್ಳಗೆ. ಹಳೆಯ ಎಷ್ಟೋ ಜೋಡು ನಳಿಗೆಗಳು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬೆಸೆದು ಮಾಡಿದವು, ಡಮಾಸ್ಕಸ್ ಅನ್ನುತ್ತಾರಲ್ಲ ಅದು. ಅವುಗಳಲ್ಲಿ ಹೆಚ್ಚಿನವನ್ನು ಪರೀಕ್ಷೆ ಮಾಡಿದ್ದು ಕರಿಮದ್ದಿನ ಒತ್ತಡಕ್ಕೆ, ಇವತ್ತಿನ ಹೊಗೆರಹಿತ ಮದ್ದಿನ ತೋಟಾಕ್ಕೆ ಅಲ್ಲ. ಯಾವ ಪರೀಕ್ಷೆ ಆಗಿದೆ ಅನ್ನುವುದನ್ನು ನಳಿಗೆಯ ಕೆಳಮೈಯಲ್ಲಿ ಒತ್ತಿರುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಇದಕ್ಕಾಗಿಯೇ ೧೮೧೩ರಿಂದ ಒಂದು ಪ್ರೂಫ್ ಹೌಸ್ ಇದೆ, ಬೆಲ್ಜಿಯಂನ ಲಿಯೆಜ್ ಊರಿನ ಬಂದೂಕಾದರೆ ಅಂಡಾಕಾರದೊಳಗೆ ಇ.ಎಲ್.ಜಿ. ಅಂತ ಅಕ್ಷರ ಇರುತ್ತದೆ. ಪಾಲಿಶ್ ಮಾಡುವವನು ಮೊದಲು ಅಳಿಸುವುದು ಇದನ್ನೇ. ಈಗ ಯೋಚನೆ ಮಾಡಿ. ನಳಿಗೆ ಮೊದಲಿಗಿಂತ ತೆಳುವಾಗಿದೆ, ಎಚ್ಚರಿಕೆ ಕೊಡುವ ಗುರುತು ಹೋಗಿದೆ, ನೋಡುವುದಕ್ಕೆ ಮಾತ್ರ ನಿನ್ನೆ ಕಾರ್ಖಾನೆಯಿಂದ ಬಂದ ಹಾಗಿದೆ. ಮನೆಯ ಹುಡುಗ ಒಬ್ಬ ಅದಕ್ಕೆ ಹೊಸ ೧೨ ಬೋರ್ ತೋಟಾ ಹಾಕಿ ಹಂದಿ ಓಡಿಸಲು ಹೋಗುತ್ತಾನೆ. ಕಪ್ಪಾಗಿ ಸವೆದಿದ್ದ ಬಂದೂಕು ತನ್ನ ವಯಸ್ಸನ್ನು ತಾನೇ ಹೇಳುತ್ತಿತ್ತು. ಕ್ರೋಮ್ ಹಾಕಿದ ಬಂದೂಕು ಸುಳ್ಳು ಹೇಳುತ್ತದೆ, ಆ ಸುಳ್ಳಿಗೆ ಬೆಲೆ ಕೊಡುವುದು ಎಡಗೈ ಬೆರಳು.

ಮೂರನೇ ಲೆಕ್ಕ ರಸಾಯನಶಾಸ್ತ್ರದ್ದು. "ಕ್ರೋಮ್ ಹಾಕಿದರೆ ಜಂಗು ಹಿಡಿಯೋದಿಲ್ಲ" ಅನ್ನುವುದು ದೊಡ್ಡ ನಂಬಿಕೆ. ಪತ್ರಾಸದ ತಗಡಿಗೆ ಸತುವಿನ ಲೇಪ ಇರುತ್ತದಲ್ಲ, ಅದು ಗೀರಿದರೂ ಸುತ್ತಲಿನ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ನಿಕ್ಕಲ್ ಹಾಗಲ್ಲ. ಕ್ರೋಮಿನ ಕೆಳಗೆ ಇರುವುದು ನಿಕ್ಕಲ್ಲೇ, ಅದು ಕಬ್ಬಿಣಕ್ಕಿಂತ ಜಬರದಸ್ತು ಲೋಹ. ಲೇಪದಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೂ ಸಾಕು, ಇಬ್ಬರ ಜಗಳದಲ್ಲಿ ಕರಗುವುದು ಕಬ್ಬಿಣ. ಅದೂ ಆ ಸಣ್ಣ ಜಾಗದಲ್ಲೇ, ಆಳಕ್ಕೆ, ಬೇಗ. ಮೇಲೆ ಫಳಫಳ, ಒಳಗೆ ಹುಳುಕು ಹಲ್ಲು. ಹಳೆಯ ಬೈಕಿನ ಹ್ಯಾಂಡಲ್ ಮೇಲೆ ಕ್ರೋಮ್ ಗುಳ್ಳೆ ಎದ್ದು ಹಕ್ಕಳಿಕೆ ಹಕ್ಕಳಿಕೆಯಾಗಿ ಏಳುವುದನ್ನು ನೋಡಿಲ್ಲವಾ? ಅದೇ ಕತೆ. ಗುಳಿ ಬಿದ್ದ ನೂರು ವರ್ಷದ ಉಕ್ಕಿನ ಮೇಲೆ ತೂತಿಲ್ಲದ ಲೇಪ ಕೂರಿಸುವುದು ಬಂಪರ್ ಅಂಗಡಿಯಲ್ಲಿ ಆಗುವ ಮಾತಲ್ಲ. ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಹರಿಯುವಾಗ ಗೋಕಾಕ ಫಾಲ್ಸಿನ ಹತ್ತಿರ ನಿಂತಿದ್ದೀರಲ್ಲ, ಗಾಳಿಯೇ ಒದ್ದೆ ಇರುತ್ತದೆ. ಆ ಹವೆ ತೂತು ಹುಡುಕುವುದರಲ್ಲಿ ನಿಸ್ಸೀಮ.

ನಾಲ್ಕನೆಯದು ಸ್ಪ್ರಿಂಗಿನ ಲೆಕ್ಕ. ಲೇಪಕ್ಕೆ ಮುಂಚೆ ಆಸಿಡ್ಡಿನಲ್ಲಿ ಅದ್ದುತ್ತಾರೆ, ಆಮೇಲೆ ಕರೆಂಟು ಹಾಯಿಸುತ್ತಾರೆ. ಎರಡರಲ್ಲೂ ಹೈಡ್ರೋಜನ್ ಹುಟ್ಟಿ ಗಡಸು ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಗಡಸು ಉಕ್ಕು ಆಗ ಶೇಂಗಾ ಚಿಕ್ಕಿ ಆಗುತ್ತದೆ. ಬಾಗುವುದಿಲ್ಲ, ಟಕ್ ಅಂತ ಮುರಿಯುತ್ತದೆ. ತಿಳಿದವರು ಲೇಪ ಆದ ಕೂಡಲೇ ೨೦೦ ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಆ ಹೈಡ್ರೋಜನ್ ಹೊರಗೆ ಹಾಕುತ್ತಾರೆ. ಬಂಪರಿಗೆ ಅದು ಬೇಕಾಗಿಲ್ಲ, ಹಾಗಾಗಿ ಬಂಪರ್ ಅಂಗಡಿಯಲ್ಲಿ ಆ ಒಲೆಯೂ ಇರುವುದಿಲ್ಲ. ಬಂದೂಕನ್ನು ಪೂರ್ತಿ ಬಿಚ್ಚದೆ ಅದ್ದಿದರೆ ಲಾಕಿನೊಳಗಿನ ಕೈಯಿಂದ ಮಾಡಿದ ಸ್ಪ್ರಿಂಗುಗಳಿಗೂ ಇದೇ ಗತಿ. ಅಂಥ ಸ್ಪ್ರಿಂಗು ಮಾಡುವ ಕೈ ಈಗ ಎಲ್ಲಿದೆ?

ಹಾಗಾದರೆ ಯಾವ ಬಣ್ಣ, ಯಾವ ಲೇಪ ಸರಿ? ನನ್ನ ಉತ್ತರ ಸರಳ: ಅದು ಹುಟ್ಟಿದಾಗ ಏನಿತ್ತೋ ಅದು. ಚಂದ ಯಾವುದು ಅಂತ ಕೇಳಬೇಡಿ, ಯಾವ ಕಾಲದ್ದು ಅಂತ ಕೇಳಿ.

ಬಾಯಿಂದ ಮದ್ದು ತುಂಬುವ ಕಾಲದ ಬಂದೂಕಾದರೆ ಹೆಚ್ಚಾಗಿ ಕಂದು ಬಣ್ಣ. ಇದು ಹೊರಗಿನಿಂದ ಹಚ್ಚಿದ ಬಣ್ಣ ಅಲ್ಲ, ಜಂಗೇ! ಬೇಕಂತಲೇ ಒಂದೇ ಸಮನೆ ತೆಳುವಾಗಿ ಜಂಗು ಬರಿಸಿ, ಸಡಿಲ ಇದ್ದದ್ದನ್ನು ಉಜ್ಜಿ ತೆಗೆದು, ಮತ್ತೆ ಬರಿಸಿ, ಹೀಗೆ ದಿನಗಟ್ಟಲೆ ಮಾಡಿ ಕೊನೆಗೆ ಎಣ್ಣೆ ಕುಡಿಸಿ ನಿಲ್ಲಿಸಿದ್ದು. ಡಮಾಸ್ಕಸ್ ನಳಿಗೆಗೂ ಇದೇ ಸರಿ, ಕಬ್ಬಿಣವೂ ಉಕ್ಕೂ ಬೇರೆ ಬೇರೆ ಛಾಯೆ ಹಿಡಿಯುವುದರಿಂದ ಹೊಸೆದ ವಿನ್ಯಾಸ ಎದ್ದು ಕಾಣುತ್ತದೆ. ಕ್ರೋಮ್ ಹಾಕಿದರೆ ಆ ವಿನ್ಯಾಸವೇ ಮಾಯ. ಇಳಕಲ್ಲ ಸೀರೆಯ ಮೇಲೆ ಪೇಂಟ್ ಹೊಡೆದ ಹಾಗೆ.

ಇನ್ನು ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದ ಉಕ್ಕಿನ ನಳಿಗೆಗಳಿಗೆ ನೀಲಿಗಪ್ಪು. ಕಂದು ಬಣ್ಣದ ಕೆಲಸವೇ, ಆದರೆ ಪ್ರತಿ ಸಲ ಜಂಗು ಬರಿಸಿದ ಮೇಲೆ ಶುದ್ಧ ನೀರಿನಲ್ಲಿ ಕುದಿಸುತ್ತಾರೆ. ಕೆಂಪು ಜಂಗು ಕುದಿಯುತ್ತ ಕರಿ ಜಂಗಾಗುತ್ತದೆ. ಇದು ಮೈಗೆ ಅಂಟಿ ಕೂರುವ, ಎಣ್ಣೆ ಹಿಡಿದಿಟ್ಟುಕೊಳ್ಳುವ ಒಳ್ಳೆಯ ಜಂಗು. ನಳಿಗೆ ಕೂರುವ ಲೋಹದ ಪೆಟ್ಟಿಗೆಯಂಥ ಭಾಗಕ್ಕೆ ಎಲುಬಿನ ಇದ್ದಿಲಿನಲ್ಲಿ ಕಾಯಿಸಿ ನೀರಿಗೆ ಹಾಕಿದ ಬಣ್ಣ, ನವಿಲುಗರಿಯಂತೆ ನೀಲಿ, ಕಂದು, ಬೂದು ಮೋಡ ಮೋಡ. ಸಣ್ಣ ಸ್ಕ್ರೂಗಳಿಗೆ ಬರೀ ಬೆಂಕಿಯ ನೀಲಿ, ಸುಮಾರು ೩೦೦ ಡಿಗ್ರಿಗೆ ಕಾಯಿಸಿದ ಉಕ್ಕು ತಾನಾಗೇ ಹಿಡಿಯುವ ಬಣ್ಣ. ನಮ್ಮೂರ ಕುಲುಮೆಯ ಕಮ್ಮಾರನಿಗೆ ಡಿಗ್ರಿ ಲೆಕ್ಕ ಗೊತ್ತಿಲ್ಲದಿದ್ದರೂ ಉಳಿಯ ತುದಿಗೆ ಹದ ಹಾಕುವಾಗ ಈ ಬಣ್ಣಗಳನ್ನೇ ನೋಡುತ್ತಾನೆ.

೧೯೩೦ರ ದಶಕದಿಂದೀಚೆಗೆ ಕಾರ್ಖಾನೆಗಳಲ್ಲಿ ಬಿಸಿ ಉಪ್ಪಿನ ದ್ರಾವಣದಲ್ಲಿ ಅದ್ದಿ ಕಪ್ಪು ಮಾಡುವ ಪದ್ಧತಿ ಬಂತು. ಆ ಕಾಲದ ನಂತರದ ಒಂಟಿ ನಳಿಗೆಗೆ ಅದು ಸರಿಯೇ. ಆದರೆ ದಯವಿಟ್ಟು ಹಳೇ ಜೋಡು ನಳಿಗೆಗೆ ಅದನ್ನು ಮಾಡಿಸಬೇಡಿ. ಎರಡೂ ನಳಿಗೆಗಳನ್ನು ಕೂಡಿಸಿರುವುದು ಸೀಸ-ತವರದ ಬೆಸುಗೆ. ಕಾಸ್ಟಿಕ್ ಸೋಡಾದ ಆ ಕುದಿಯುವ ದ್ರಾವಣ ಬೆಸುಗೆಯನ್ನೇ ತಿನ್ನುತ್ತದೆ, ಉಳಿದ ಉಪ್ಪು ಸಂದಿಯಲ್ಲಿ ಕೂತು ವರ್ಷಗಟ್ಟಲೆ ಒಳಗಿಂದ ಜಂಗು ಬರಿಸುತ್ತದೆ. ಎರಡನೇ ಮಹಾಯುದ್ಧದ ಸೈನಿಕ ಬಂದೂಕುಗಳಿಗೆ ಬೂದು ಬಣ್ಣದ ಫಾಸ್ಫೇಟ್ ಲೇಪ ಬಂತು, ಅದು ಅವಕ್ಕೆ ಶೋಭೆ, ಮುತ್ಯಾನ ಬೇಟೆ ಬಂದೂಕಿಗಲ್ಲ. ಬಾಟಲಿಯಲ್ಲಿ ಸಿಗುವ, ಹತ್ತಿಯಲ್ಲಿ ಹಚ್ಚುವ ತಣ್ಣನೆಯ ನೀಲಿ ಬರೀ ಮೇಕಪ್ಪು. ಒಂದು ಗೀರು ಮುಚ್ಚಲು ಆದೀತು, ಇಡೀ ನಳಿಗೆಗೆ ಹಚ್ಚಿದರೆ ಚುಕ್ಕೆ ಚುಕ್ಕೆಯಾಗಿ ಬೇಗ ಸವೆದುಹೋಗುತ್ತದೆ.

"ಹಾಗಾದರೆ ನಿಕ್ಕಲ್ ಯಾವಾಗಲೂ ತಪ್ಪಾ?" ಅಂತ ಯಾರಾದರೂ ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ: ಅಲ್ಲ. ೧೮೭೦ರ ದಶಕದಿಂದಲೇ ಕಾರ್ಖಾನೆಯಲ್ಲೇ ನಿಕ್ಕಲ್ ಹಾಕಿದ ರಿವಾಲ್ವರುಗಳಿದ್ದವು. ನಿಮ್ಮದು ಅಂಥದ್ದಾದರೆ ಅದರ ನಿಕ್ಕಲ್ಲನ್ನು ಉಳಿಸಿಕೊಳ್ಳಿ, ಕಪ್ಪು ಮಾಡಬೇಡಿ. ಕೆಲವು ಹಳೇ ಸೈನಿಕ ಬಂದೂಕುಗಳ ನಳಿಗೆ ಮೂಲದಲ್ಲೇ ಬೆಳ್ಳಗಿರುತ್ತಿತ್ತು, ಅದೂ ಸರಿ. ಹೊರಗೆ ಮಳೆಯಲ್ಲಿ ನಿಂತ ಕೋಟೆಯ ಕಬ್ಬಿಣದ ಫಿರಂಗಿಗೆ ಜಂಗು ಕೆರೆದು ಕಪ್ಪು ಬಣ್ಣ ಹಚ್ಚಲೇಬೇಕು, ಅದರ ಕಾಲದಲ್ಲೂ ಬಣ್ಣ ಹಚ್ಚುತ್ತಿದ್ದರು. ನನ್ನ ಜಗಳ ಹೊಳಪಿನ ಜೊತೆ ಅಲ್ಲ ಸ್ವಾಮಿ, ಸುಳ್ಳಿನ ಜೊತೆ.

ಇನ್ನೊಂದು ಪಂಗಡ ಇದೆ, ಅವರನ್ನೂ ಬಿಡುವಂತಿಲ್ಲ. "ಮುಟ್ಟಲೇಬಾರದು, ಹೇಗಿದೆಯೋ ಹಾಗೇ ಇರಲಿ" ಅನ್ನುವವರು. ಬೆರಳಿಗೆ ಕೆಂಪು ಪುಡಿ ಹತ್ತುತ್ತಿದ್ದರೆ ಅದು ಪರಂಪರೆ ಅಲ್ಲ, ಅದು ಕಾಯಿಲೆ. ಆ ಜಂಗು ಇವತ್ತಿಗೂ ತಿನ್ನುತ್ತಲೇ ಇದೆ. ನೂರು ವರ್ಷದ ಕರಿ-ಕಂದು ಮೈ ಬೇರೆ, ನಿನ್ನೆ ಮೊನ್ನೆಯ ಕೆಂಪು ಜಂಗು ಬೇರೆ. ಮೊದಲನೆಯದನ್ನು ಕಾಯಬೇಕು, ಎರಡನೆಯದನ್ನು ನಿಲ್ಲಿಸಬೇಕು. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಹಳೇದಕ್ಕೆಲ್ಲ ಕೈ ಮುಗಿಯುತ್ತ ಕೂತರೂ ಬಂದೂಕು ಉಳಿಯುವುದಿಲ್ಲ.

ಪೂಜೆ ಮಾಡುವವರಿಗೂ ನಾಲ್ಕು ಮಾತು, ಭಕ್ತಿಗೆ ಧಕ್ಕೆ ಇಲ್ಲದಂತೆ :) ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಒಳ್ಳೆಯದು, ಬಂದೂಕಿಗೆ ಅಲ್ಲ. ಹುಳಿ ಅಂದರೆ ಆಸಿಡ್ಡು, ಅದು ಜಂಗಿನ ಜೊತೆ ಮೂಲ ಬಣ್ಣವನ್ನೂ ತೊಳೆಯುತ್ತದೆ. ಕೊಯ್ದ ನಿಂಬೆಹಣ್ಣನ್ನು ನಳಿಗೆ ಮೇಲೆ ಇಟ್ಟರೆ ಮರುದಿನ ಬನ್ನಿ ಕೊಡುವ ಹೊತ್ತಿಗೆ ಅಲ್ಲೊಂದು ಬಿಳಿ ಚಂದ್ರ ಮೂಡಿರುತ್ತಾನೆ, ಅವನು ಮತ್ತೆ ಅಸ್ತ ಆಗುವುದಿಲ್ಲ. ನಿಂಬೆಯನ್ನು ಪಕ್ಕದ ತಾಟಿನಲ್ಲಿ ಇಡಿ, ದೇವಿಗೆ ಕಾಣುತ್ತದೆ. ಕುಂಕುಮ ಹಚ್ಚಿದರೆ ಅವತ್ತೇ ಒರೆಸಿ. ಅಡುಗೆಮನೆಯ ಕುಸುಬಿ ಎಣ್ಣೆ ಹಚ್ಚಬೇಡಿ, ಅದು ಒಣಗಿ ಅಂಟು ವಾರ್ನಿಶ್ ಆಗುತ್ತದೆ. ಕೊಬ್ಬರಿ ಎಣ್ಣೆ ಕಮಟು ಹಿಡಿದು ಹುಳಿಯಾಗುತ್ತದೆ. ಹೊಲಿಗೆ ಮಷಿನ್ನಿನ ಎಣ್ಣೆ ಸಾಕು, ತೆಳ್ಳಗೆ.

ಕೊಡಗಿನವರನ್ನು ನೋಡಿ. ಅವರಿಗೆ ಕೋವಿ ಅಂದರೆ ಮನೆಯ ಸದಸ್ಯ. ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ ೨೦೧೯ರಲ್ಲಿ ಹತ್ತು ವರ್ಷಕ್ಕೆ, ೨೦೨೯ರವರೆಗೆ ಮುಂದುವರಿಸಿತು, ಹೈಕೋರ್ಟು ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದ ದಿನ ಅವರು ಕೋವಿಗೆ ಏರಿಸುವುದು ಒಂದು ಕಾಡು ಹೂವು, ಹೆಸರೇ ತೋಕ್ ಪೂ, ಅಂದರೆ ಕೋವಿ ಹೂವು. ಗೌರವ ತೋರಿಸಲು ಒಂದು ಹೂವು ಸಾಕಾಗುತ್ತದೆ. ಕ್ರೋಮ್ ಬೇಕು ಅಂತ ಯಾವ ಶಾಸ್ತ್ರವೂ ಹೇಳಿಲ್ಲ.

"ನನ್ನ ಬಂದೂಕು, ನನ್ನ ರೊಕ್ಕ, ನಿನಗೇನು ತ್ರಾಸು?" ಇದು ನಾನು ಹೆಚ್ಚು ಕೇಳಿರುವ ಮಾತು. ಬಂದೂಕು ನಿಮ್ಮದೇ, ನಾನು ಕಸಿದುಕೊಳ್ಳಲು ಬಂದಿಲ್ಲ. ಆದರೆ ನಿಮ್ಮ ಮುತ್ಯಾನದ್ದೂ ಹೌದು, ನಿಮ್ಮ ಮೊಮ್ಮಕ್ಕಳದ್ದೂ ಹೌದು. ನೀವು ನಡುವಿನ ಮೂವತ್ತು ವರ್ಷದ ಕಾವಲುಗಾರ ಅಷ್ಟೇ. ರೊಕ್ಕದ ಮಾತೇ ಬೇಕೆಂದರೆ ಹಳೇ ಆಯುಧ ಸಂಗ್ರಹಿಸುವವರನ್ನು ಕೇಳಿ ನೋಡಿ, ಮೂಲ ಮೈ ಉಳಿದ ಬಂದೂಕಿಗೆ ಅವರು ಕೊಡುವ ಮರ್ಯಾದೆ ಕ್ರೋಮ್ ಹೊಡೆದದ್ದಕ್ಕೆ ಎಂದೂ ಇಲ್ಲ. ಮೈ ತಿಕ್ಕಿಸಿದ ದಿನವೇ ಬೆಲೆ ಹೋಗುತ್ತದೆ, ಮೇಲಿಂದ ತಿಕ್ಕಿದವನಿಗೆ ನೀವೇ ಕೂಲಿ ಕೊಟ್ಟಿರುತ್ತೀರಿ!

ಬೆಲೆ ಗೊತ್ತಿಲ್ಲದವರ ಕೈಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ವಿಜಯಪುರದ ಮಲಿಕ್-ಎ-ಮೈದಾನ್ ಇದೆ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ೫೫ ಟನ್ನಿನ ಕಂಚಿನ ತೋಪು. ೧೮೫೪ರಲ್ಲಿ ಅದನ್ನು ಹರಾಜಿಗೆ ಇಟ್ಟಾಗ ಬಂದ ಸವಾಲು ೧೫೦ ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು, ತೋಪು ಉಳಿಯಿತು. ಗುಜರಿ ಲೆಕ್ಕದಲ್ಲಿ ನೋಡಿದವನಿಗೆ ಅದು ೧೫೦ ರೂಪಾಯಿಯ ಕಂಚು. ಹೊಳಪಿನ ಲೆಕ್ಕದಲ್ಲಿ ನೋಡುವ ನಮಗೂ ಅವನಿಗೂ ಏನು ಭೇದ?

"ಸರಿಯಾದ ಕೆಲಸ ಮಾಡುವವರು ಸಿಗೋದಿಲ್ಲ, ಕ್ರೋಮ್ ಆದರೆ ಎಲ್ಲಾ ಕಡೆ ಆಗುತ್ತೆ" ಅನ್ನುವವರೂ ಇದ್ದಾರೆ. ಒಪ್ಪಿದೆ, ಲೈಸೆನ್ಸ್ ಇದ್ದು ಹಳೇ ಪದ್ಧತಿಯ ಬಣ್ಣ ಬಲ್ಲ ಕುಶಲಕರ್ಮಿ ಸಿಗುವುದು ಕಷ್ಟ. ಡಾಕ್ಟರ್ ಸಿಗಲಿಲ್ಲ ಅಂತ ಕಟುಕನ ಹತ್ತಿರ ಆಪರೇಶನ್ ಮಾಡಿಸುತ್ತೀರಾ? ಸಿಗುವ ತನಕ ಏನೂ ಮಾಡಬೇಡಿ. ಮೆತ್ತನೆಯ ಬಟ್ಟೆ, ತೆಳು ಎಣ್ಣೆ. ತೀರಾ ಬೇಕೆಂದರೆ ಎಣ್ಣೆಯಲ್ಲಿ ಅದ್ದಿದ ಅತಿ ಸಣ್ಣ ಉಕ್ಕಿನ ನಾರಿನಿಂದ ಕೆಂಪು ಜಂಗನ್ನು ಮಾತ್ರ ಮೆಲ್ಲಗೆ, ಗುರುತು ಒತ್ತಿದ ಜಾಗ ಬಿಟ್ಟು. ಗೋಡೆಗೆ ತೂಗುಹಾಕಿದ್ದಾದರೆ ಮ್ಯೂಸಿಯಂನವರು ಬಳಸುವಂಥ ಮೇಣ ತೆಳ್ಳಗೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಬರಿಗೈಯಲ್ಲಿ ಮುಟ್ಟಿದ ಮೇಲೆ ಒರೆಸಿಡಿ, ಬೆವರಿನಲ್ಲಿ ಉಪ್ಪಿದೆ. ಇದಕ್ಕೆಲ್ಲ ಖರ್ಚು ನೂರಿನ್ನೂರು ರೂಪಾಯಿ. ಮೊದಲೇ ಯಾರೋ ತಿಕ್ಕಿ ಹಾಳು ಮಾಡಿ ಮೂಲ ಮೈ ಉಳಿದೇ ಇಲ್ಲದಿದ್ದರೆ ಮಾತ್ರ, ಆ ಕಾಲದ ಪದ್ಧತಿಯಲ್ಲೇ ಮತ್ತೆ ಬಣ್ಣ ಬರಿಸುವ ಪ್ರಶ್ನೆ ಏಳುತ್ತದೆ.

ಕೊನೆಯದಾಗಿ, "ಬಂದೂಕಿನ ಬಗ್ಗೆ ಇಷ್ಟು ಪ್ರೀತಿ ಯಾಕೆ, ಹಿಂಸೆಯ ವಸ್ತು ಅಲ್ಲವಾ" ಅಂತ ಕೇಳುವ ಗೆಳೆಯರಿಗೆ. ನನಗೆ ಗುಂಡು ಹೊಡೆಯುವ ಹುಚ್ಚಿಲ್ಲ. ಆದರೆ ಹಿಂಸೆಯ ಗುರುತನ್ನು ಅಳಿಸಿ ಶೋಕೇಸಿನ ಆಟಿಗೆ ಮಾಡುವವನು ಹಿಂಸೆಯನ್ನು ಮರೆಸುತ್ತಾನೆ, ಕಡಿಮೆ ಮಾಡುವುದಿಲ್ಲ. ಗೋಕಾಕದವರಾದ ನಮಗೆ ಆಟಿಗೆ ಮಾಡುವುದು ಚೆನ್ನಾಗಿ ಗೊತ್ತು. ಹಗುರ ಕಟ್ಟಿಗೆ ಕೆತ್ತಿ ಬಣ್ಣ ಹಚ್ಚಿದ ನಮ್ಮ ಬಾಳೆಹಣ್ಣು, ಮಾವಿನಹಣ್ಣು ನೋಡಿ ಮಂದಿ ಕಚ್ಚಲು ಹೋಗುತ್ತಾರೆ. ಕಟ್ಟಿಗೆಯನ್ನು ಹಣ್ಣಿನ ಹಾಗೆ ಕಾಣಿಸುವುದು ಕಲೆ. ಬಂದೂಕನ್ನು ಸ್ಟೀಲಿನ ತಾಟಿನ ಹಾಗೆ ಕಾಣಿಸುವುದು ಏನು ಕಲೆ?

ಬ್ಲಾಗಿಗ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೋ, ಮಾವನ ಮನೆಯಲ್ಲೋ ಲೈಸೆನ್ಸ್ ಇರುವ ಹಳೇ ಬಂದೂಕು ಇದ್ದರೆ ಈ ಖಂಡೇನವಮಿಗೆ ಅದು ಹೊರಗೆ ಬಂದಾಗ ಒಳ್ಳೆಯ ಬೆಳಕಿನಲ್ಲಿ ಅದರ ಮೇಲಿನ ಪ್ರತಿ ಅಕ್ಷರ, ಪ್ರತಿ ಗುರುತಿನ ಫೋಟೋ ತೆಗೆದು ಮನೆಯ ಕಾಗದಪತ್ರದ ಜೊತೆ ಇಡಿ. ನಂಬರು, ವಿಳಾಸ ಯಾವುದನ್ನೂ ಇಂಟರ್ನೆಟ್ಟಿಗೆ ಹಾಕಬೇಡಿ ಮಾರಾಯ್ರೆ! ಕತೆಯನ್ನು ಮಾತ್ರ ಬರೆಯಿರಿ: ಯಾರು ತಂದರು, ಯಾವ ವರ್ಷ, ಯಾತಕ್ಕೆ. ಇದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿಕೊಳ್ಳಿ. ಆಮೇಲೆ ಯಾರಾದರೂ "ಹೊಳಿಯೂಹಂಗ ಮಾಡಸ್ತೀನಿ, ಕೊಡ್ರಿ" ಅಂತ ಬಂದರೆ ಚಹಾ ಕುಡಿಸಿ ವಾಪಸ್ ಕಳಿಸಿ. ಬಂದೂಕು ಮಾತ್ರ ಕೊಡಬೇಡಿ.

ಇಲ್ಲಿ ಯಾರಿಗಾದರೂ ತಕರಾರಿದ್ದರೆ ಕಾಮೆಂಟಿನಲ್ಲಿ ಕುಟ್ಟಿ, ಜಗಳ ಆಡೋಣ. ಕ್ರೋಮ್ ಪರ ವಾದ ಮಾಡುವವರು ಐದು ಮಳೆಗಾಲ ಕಳೆದ ಕ್ರೋಮ್ ಬೈಕಿನ ಫೋಟೋ ಮೊದಲು ನೋಡಿಕೊಂಡು ಬನ್ನಿ, ಅಷ್ಟೇ :)